ಗೊರಗೊರ

ಪಿಕಪ್ಪಿನಲ್ಲಿ ಹಾಡು ಶುರುವಾಗಿ ಐದು ನಿಮಿಷವಾದರೂ ಕುರುಡು ಒಂಟೆ ಹಮ್ರಾ ನಿಂತಲ್ಲಿಂದ ಕದಲಲಿಲ್ಲ. ಉಳಿದ ಒಂಟೆಗಳು ಆಗಲೇ ನೀರಿನ ತೊಟ್ಟಿಗೆ ಮುತ್ತಿಕೊಂಡಿದ್ದವು. ಅವಳು ಮಾತ್ರ ನೂರು ಮಾರು ದೂರದಲ್ಲಿ, ಬೇರೆ ಯಾರದೋ ಮನೆಯ ಮದುವೆ ಹಾಡು ಕೇಳುವವಳಂತೆ ಸುಮ್ಮನೆ ನಿಂತಿದ್ದಳು.

"ಇನ್ನೂ ಜೋರು ಮಾಡ್ಲಾ ಭಾವ?" ಎಂದ ಮುಸಲ್ಲಂ. ಬೆಳಗ್ಗೆ ಸಲಾಲಾ ಪೇಟೆಯ ತನ್ನ ಅಂಗಡಿಯಲ್ಲಿ ಭಾವನ ಗಾಡಿಯ ಹಳೇ ಸ್ಪೀಕರುಗಳನ್ನು ಕಿತ್ತೆಸೆದು, ಎರಡೂ ಬಾಗಿಲಿಗೆ ಹೊಸದನ್ನು ಕೂರಿಸಿದವನು ಅವನೇ.

"ಜೋರು ಬೇಡ," ಎಂದ ಬಖೀತ್. "ಹಳೇದು ಹರಿದು ಗೊರಗೊರ ಅಂತಿತ್ತಲ್ಲ, ಅದನ್ನ ಹಿಡ್ಕೊಂಡು ಇವಳು ನೀರಿಗೆ ಬರ್ತಿದ್ಲು ಕಣೋ. ಹಾಡು ಯಾವತ್ತು ಕೇಳಿದ್ಲು."

"ಆ ಗೊರಗೊರ ತಡ್ಯಕ್ಕಾಗಲ್ಲ ಅಂತ ತಾನೆ ನೀವು ಗಾಡಿ ತಂದಿದ್ದು?"

"ತಂದೆ. ನನ್ನ ಬುದ್ಧಿಗಿಷ್ಟು."

"ಹೋಗ್ಲಿ, ಹಗ್ಗ ಹಾಕಿ ಕರ್ಕೊಂಡ್ ಬರ್ತೀನಿ."

"ಬೇಡ. ಇಷ್ಟು ವರ್ಷ ಹಾಕಿಲ್ಲ. ಇವತ್ತು ಹಾಕಿದ್ರೆ, ತಾನು ಕುರುಡಿ ಅಂತ ಅವಳಿಗೆ ಗೊತ್ತಾಗುತ್ತೆ."

ಮುಸಲ್ಲಂ ಸ್ವಲ್ಪ ಹೊತ್ತು ತಾನು ಕೂರಿಸಿದ ಸ್ಪೀಕರನ್ನೇ ನೋಡಿದ. ಆಮೇಲೆ ತನ್ನ ಕಡೆಯ ಬಾಗಿಲಿನ ಜಾಲರಿ ತೆಗೆದು, ಚಾಕುವಿನ ತುದಿಯಿಂದ ಸ್ಪೀಕರಿನ ಕಾಗದದ ಪೊರೆಯನ್ನು ಉದ್ದಕ್ಕೆ ಸೀಳಿದ. ಹಾಡು ಗೊರಗುಟ್ಟಿತು.

"ನನ್ನ ಕಡೇದು ಮುಟ್ಬೇಡ," ಎಂದ ಬಖೀತ್.

ಅಷ್ಟರಲ್ಲಿ ಹಮ್ರಾ ಇತ್ತ ತಿರುಗಿ ನಡೆಯತೊಡಗಿದ್ದಳು.