ಐವತ್ತೆರಡರ ಮೊಟ್ಟೆ

“ಕ್ಲೋರಿನ್ ಪರಮಾಣು ತೂಕ ಮೂವತ್ತೈದು, ಇಲ್ಲ ಮೂವತ್ತೇಳು ಅಂತೀಯ. ಪುಸ್ತಕದಲ್ಲಿ ಮೂವತ್ತೈದೂವರೆ! ನನ್ನ ತಲೆಗೆ ಹತ್ತಲ್ಲ, ನಾಳೆ ಪರೀಕ್ಷೆಗೆ ಹೋಗಲ್ಲ ಕಣೇ,” ಎಂದು ಅಮ್ಮ ಪುಸ್ತಕ ಮುಚ್ಚಿ, ಮಾರಲು ತೂಗಿ ಆರಿಸುತ್ತಿದ್ದ ಮೊಟ್ಟೆಗಳ ಕಡೆ ತಿರುಗಿದಳು. ಅರ್ಧಕ್ಕೆ ಬಿಟ್ಟ ಓದನ್ನು ಮಗಳ ಬಲವಂತಕ್ಕೆ ಇಪ್ಪತ್ತು ವರ್ಷದ ಮೇಲೆ ಮತ್ತೆ ಹಿಡಿದಿದ್ದಳು.

ಮಗಳು ಮೂರು ಸಣ್ಣ ಮೊಟ್ಟೆ, ಒಂದು ದಪ್ಪ ಮೊಟ್ಟೆ ಒಟ್ಟಿಗೆ ತಕ್ಕಡಿಗಿಟ್ಟಳು. “ಒಂದಕ್ಕೆಷ್ಟು ಬೀಳುತ್ತಮ್ಮಾ?”

“ಒಟ್ಟು ಇನ್ನೂರೆಂಟು. ಒಂದಕ್ಕೆ ಐವತ್ತೆರಡು ಗ್ರಾಂ.”

“ಐವತ್ತೆರಡರ ಮೊಟ್ಟೆ ಯಾವ್ದು, ತೋರ್ಸು.”

“ಯಾವ್ದೂ ಇಲ್ಲ. ಸಣ್ಣವು ಐವತ್ತು, ಇದು ಐವತ್ತೆಂಟು...” ಅಮ್ಮನ ಕೈ ದಪ್ಪ ಮೊಟ್ಟೆಯ ಮೇಲೆ ಹಾಗೇ ನಿಂತಿತು. “ಹಂಗಾದ್ರೆ ಕ್ಲೋರಿನ್‌ನಲ್ಲೂ ಮೂವತ್ತೈದರ ಸಣ್ಣವು ಮೂರಿದ್ರೆ ಮೂವತ್ತೇಳರ ದಪ್ಪದ್ದು ಒಂದಾ? ಮೂವತ್ತೈದೂವರೆ ಬರೀ ಸರಾಸರಿನಾ? ಮೊದ್ಲೇ ಹೇಳೋಕೇನಾಗಿತ್ತೇ ನಿಂಗೆ!”

ಮಗಳ ತಲೆಗೊಂದು ಮೊಟಕಿ, ಕೈ ಒರೆಸಿಕೊಂಡು, ಪುಸ್ತಕವನ್ನು ತಾನೇ ಎಳೆದುಕೊಂಡಳು.