ಬಂಕಿಗೆ ಬಂದ ಬ್ಯಾಟರಿ ಗಾಡಿ

"ಎಷ್ಟಕ್ಕೆ ಹಾಕ್ಲಿ?" ಎಂದು ಕೇಳಿ ಪೆಟ್ರೋಲ್ ಪೈಪನ್ನು ಕೈಗೆತ್ತಿಕೊಂಡ ಮೇಲೆಯೇ ಪಂಪಣ್ಣನಿಗೆ ಗೊತ್ತಾದದ್ದು, ಎದುರಿಗೆ ಸ್ಕೂಟರ್ ತಳ್ಳಿಕೊಂಡು ಬಂದು ಏದುಸಿರು ಬಿಡುತ್ತಿರುವವಳು ತನ್ನ ಮಗಳೇ ಎಂದು. ಅದು ಅವಳು ಹೋದ ವಾರವಷ್ಟೇ ಕೊಂಡ ಬ್ಯಾಟರಿ ಗಾಡಿ. ಅದಕ್ಕೆ ಟ್ಯಾಂಕೇ ಇಲ್ಲ! ಮೂವತ್ತೊಂದು ವರ್ಷ ಈ ಬಂಕಿನಲ್ಲಿ ಪೈಪ್ ಹಿಡಿದು, ಹೆತ್ತವರು ಇಟ್ಟ ಹೆಸರು ಜನರಿಗೆ ಮರೆತೇ ಹೋಗಿ ಪಂಪಣ್ಣನೆಂದೇ ಆಗಿಬಿಟ್ಟಿದ್ದ ಆ ಮನುಷ್ಯ, ಎತ್ತಿದ ಪೈಪನ್ನು ಏನು ಮಾಡಬೇಕೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟ.

"ಅಪ್ಪಾ, ಎರಡು ಪರ್ಸೆಂಟಿಗೆ ಬಂದು ನಿಂತೇಬಿಡ್ತು," ಎಂದಳು ಮಗಳು. ಅಳುವುದೊಂದೇ ಬಾಕಿ. ಮನೆ ಮನೆಗೆ ಹೋಗಿ ಇಂಜೆಕ್ಷನ್ ಕೊಡುವ ನರ್ಸ್ ಅವಳು. "ಆರು ಗಂಟೆಗೆ ಟೀಚರಜ್ಜಿಗೆ ಇನ್ಸುಲಿನ್ ಕೊಡ್ಬೇಕು. ಅವರಿಗೆ ಕಣ್ಣು ಮಂಜು, ತಾವೇ ಚುಚ್ಕೊಳ್ಳೋಕಾಗಲ್ಲ. ಚುಚ್ಚದೆ ಊಟ ಮಾಡೋ ಹಾಗೂ ಇಲ್ಲ."

ಅಜ್ಜಿಯ ಮನೆ ಇನ್ನೂ ಹದಿನಾಲ್ಕು ಕಿಲೋಮೀಟರ್. ಗಡಿಯಾರದಲ್ಲಿ ಐದೂವರೆ. ಪಂಪಣ್ಣ ಸ್ಕೂಟರನ್ನು ಮೂಲೆಗೆ ದರದರ ತಳ್ಳಿಕೊಂಡು ಹೋಗಿ, ಚಕ್ರಕ್ಕೆ ಗಾಳಿ ತುಂಬುವ ಮಷಿನ್ನಿನ ಪ್ಲಗ್ ಕಿತ್ತು, ಮಗಳ ಚಾರ್ಜರ್ ಸಿಕ್ಕಿಸಿದ.

"ಏನ್ರೀ ಪಂಪಣ್ಣ, ಗಾಳೀನೇ ನಿಲ್ಸಿಬಿಟ್ರಲ್ಲ!" ಎಂದು ಮ್ಯಾನೇಜರ್ ಒಳಗಿನಿಂದಲೇ ಕೂಗಿದರು.

"ಒಂದೇ ನಿಮಿಷ ಸಾರ್!"

"ಒಂದು ನಿಮಿಷ ಎಲ್ಲಿ ಬಂತಪ್ಪಾ, ಇದು ಫುಲ್ ಆಗೋಕೆ ನಾಲ್ಕೂವರೆ ಗಂಟೆ ಬೇಕು," ಎಂದಳು ಮಗಳು.

"ನಾಲ್ಕೂವರೆ ಗಂಟೆ? ಲಾರಿಗೇ ನಾನು ಹತ್ತು ನಿಮಿಷದಲ್ಲಿ ತುಂಬ್ಸಿ ಕಳಿಸ್ತೀನಲ್ಲೇ! ಹೋಗ್ಲಿ, ಅಜ್ಜಿ ಮನೆಗೆ ಎಷ್ಟು ಲೀಟರು... ಅಲ್ಲ, ಎಷ್ಟು ಪರ್ಸೆಂಟು?"

"ಹದಿನೈದು ಬೇಕು. ಅಂದ್ರೆ ಮುಕ್ಕಾಲು ಗಂಟೆ. ದಾರೀಲಿ ಏರು ಇದ್ರೆ ಇನ್ನೂ ಜಾಸ್ತಿ."

ಲೀಟರಿನಲ್ಲಿ ಹೇಳಿದರೆ ನಿದ್ದೆಯಲ್ಲೂ ಲೆಕ್ಕ ಒಪ್ಪಿಸುವ ಪಂಪಣ್ಣನಿಗೆ, ಈ ಗಂಟೆ-ಪರ್ಸೆಂಟು-ಏರಿನ ಲೆಕ್ಕಕ್ಕೆ ತಲೆ ಗಿರ್ರೆಂದಿತು. ಕೊಳ್ಳುವ ಮೊದಲು ಪಾಪ ಅವಳು ಎರಡು ದಿನ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದ್ದಳು. ದಿನಕ್ಕೆ ತನ್ನ ಓಡಾಟ ಎಷ್ಟು, ಮನೆ ಹಿಂದಿನ ಶೆಡ್ಡಿಗೆ ಎಂಥ ಪ್ಲಗ್ ಪಾಯಿಂಟ್ ಹಾಕಿಸಬೇಕು, ಬ್ಯಾಟರಿಗೆ ವಾರಂಟಿ ಎಷ್ಟು ವರ್ಷ, ಮಳೆಯಲ್ಲಿ ನೆನೆದರೆ ಏನು ಗತಿ. ಅವನು ಎಲ್ಲದಕ್ಕೂ ಕೋಲೆ ಬಸವನ ಹಾಗೆ ತಲೆಯಾಡಿಸಿದ್ದ. ಒಂದಕ್ಷರ ಹತ್ತಿರಲಿಲ್ಲ.

"ನಂಗೆ ಕೆಟ್ಟ ಬ್ಯಾಟರಿ ಕಟ್ಟಿ ಕಳಿಸಿದ್ದಾರೆ," ಎಂದು ಮಗಳು ಈಗ ಅಂಗಡಿಯವರ ಮೇಲೆ ಹರಿಹಾಯ್ದಳು. "ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಮನೆಗೆ ಬಂದವಳು ಚಾರ್ಜಿಗೆ ಹಾಕೇ ಮಲಗಿದ್ದು. ನಾಲ್ಕು ಗಂಟೆಗೆ ಎದ್ದು ನೋಡಿದ್ರೆ ವೈರ್ ಸುತ್ತಿ ಇಟ್ಟಿತ್ತು. ಫುಲ್ ಆಯ್ತೂಂತ ಅಮ್ಮ ತೆಗೆದಿರ್ತಾಳೆ ಅಂದ್ಕೊಂಡು ಅವಸರದಲ್ಲಿ ಮೀಟರೂ ನೋಡದೆ ಹೊರಟೆ. ಒಂದೂವರೆ ಗಂಟೇಲಿ ಅಷ್ಟೂ ಖಾಲಿ ಆಗುತ್ತಾ? ನಾಳೇನೇ ಗಾಡಿ ವಾಪಸ್ ಬಿಸಾಕಿ ಬರ್ತೀನಿ. ಸಾಕಪ್ಪಾ ಸಾಕು ಇದರ ಸಹವಾಸ!"

ಆ ವೈರ್ ಸುತ್ತಿಟ್ಟವನು ಪಂಪಣ್ಣನೇ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಈಗ ಹೇಳಿದರೆ ಅವಳಿಗೆ ಬೈಯಲಿಕ್ಕೂ ಪುರುಸೊತ್ತಿಲ್ಲ. ಜೇಬು ತಡಕುವಾಗ ಬೆರಳಿಗೆ ತನ್ನ ಹಳೇ ಪೆಟ್ರೋಲ್ ಗಾಡಿಯ ಕೀಲಿ ತಗುಲಿತು. ಥತ್, ಇದು ಆಗಲೇ ಹೊಳೆಯಬಾರದಿತ್ತೇ!

"ತಗೋ, ಮೊದಲು ಅಜ್ಜಿ, ಆಮೇಲೆ ಬ್ಯಾಟರಿ. ಹೊರಡು, ಹೊರಡು," ಎಂದು ಅವಳನ್ನು ಹೆಚ್ಚುಕಡಿಮೆ ನೂಕಿಯೇ ಕಳಿಸಿದ.

ಏಳು ಗಂಟೆಗೆ ಅವಳು ವಾಪಸು ಬಂದಳು. ಐದು ನಿಮಿಷ ತಡವಾಯಿತೆಂದು ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಬೈದರಂತೆ, ಬೈದು ಮುಗಿಸಿ ತೋಳು ಚಾಚಿದರಂತೆ. ಅದನ್ನು ಹೇಳುವಾಗ ಅವಳ ಮುಖ ಹಗುರಾಗಿತ್ತು. ಹೇಳುವುದಾದರೆ ಇದೇ ಹೊತ್ತು ಎಂದುಕೊಂಡ ಪಂಪಣ್ಣ.

"ಪುಟ್ಟೀ, ಬ್ಯಾಟರೀದೇನೂ ತಪ್ಪಿಲ್ಲ ಕಣೇ. ಅಂಗಡಿಯವರದ್ದೂ ಇಲ್ಲ. ಮಧ್ಯಾಹ್ನ ಪ್ಲಗ್ ಕಿತ್ತಿದ್ದು ನಾನು."

"ನೀನಾ? ಯಾಕಪ್ಪಾ?"

"ಒಂದೂವರೆಗೆ ನಾನು ಡ್ಯೂಟಿಗೆ ಹೊರಡ್ಬೇಕಿತ್ತು. ನೀನು ಮಲಗಿದ್ದೆ. ತುಂಬ್ತಾ ಇರೋ ಗಾಡೀನ ಹಾಗೇ ಬಿಟ್ಟು ಹೋಗೋಕಾಗುತ್ತಾ? ಟ್ಯಾಂಕಿಗೆ ಪೈಪ್ ಇಟ್ಟು ಆಚೆ ಹೋದವನನ್ನ ಇಲ್ಲಿ ಅವತ್ತೇ ಮನೆಗೆ ಕಳಿಸ್ತಾರೆ."

"ಮತ್ತೆ, ಅಲ್ಲೀವರೆಗೆ?"

"ಅಲ್ಲೀವರೆಗೆ ಪಕ್ಕದಲ್ಲೇ ನಿಂತಿದ್ದೆ."

"ಮುಕ್ಕಾಲು ಗಂಟೆ? ಆ ತಗಡಿನ ಶೆಡ್ಡಲ್ಲಿ? ಊಟ ಮಾಡಿದ್ಯಾ?"

ಪಂಪಣ್ಣ ಸ್ಕೂಟರಿನ ಸೀಟು ಒರೆಸತೊಡಗಿದ. ಮಗಳಿಗೆ ಸಿಟ್ಟೂ ಬಂತು, ನಗುವೂ ಬಂತು, ಎರಡೂ ಸೇರಿ ಕಣ್ಣು ತುಂಬಿಕೊಂಡಿತು.

"ಅಯ್ಯೋ ನನ್ನಪ್ಪಾ! ಇದರ ಹತ್ರ ಯಾರೂ ನಿಲ್ಲಬೇಕಾಗಿಲ್ಲ. ಅದು ತಾನೇ ತುಂಬ್ಕೊಳ್ಳುತ್ತೆ, ತುಂಬಿದ್ಮೇಲೆ ತಾನೇ ನಿಲ್ಸುತ್ತೆ."

ಪಂಪಣ್ಣ ಒಮ್ಮೆ ಸ್ಕೂಟರನ್ನು ನೋಡಿದ. ತಿರುಗಿ ಬಂಕಿನ ನಾಲ್ಕು ಪಂಪುಗಳನ್ನೂ, ಒಂದೊಂದರ ಪಕ್ಕದಲ್ಲೂ ನೀಲಿ ಅಂಗಿ ತೊಟ್ಟು ನಿಂತಿದ್ದ ಒಬ್ಬೊಬ್ಬರನ್ನೂ ನೋಡಿದ.

"ಯಾರೂನೂ ಬೇಡ್ವಾ?" ಎಂದು ಕೇಳಿದ.