ಫೈನ್ ಅಂದ ವರ

"ಫೈನ್!" ಅಂದ ವರ, ಉಪ್ಪಿಟ್ಟಿನ ತಾಟು ಕೆಳಗಿಡುತ್ತ. ಬಾಗಲಕೋಟೆಯ ಕಾಲೇಜಿನಲ್ಲಿ ಕಲಿತವನಿಗೆ ಚಹಾನೂ ಫೈನ್, ಇಳಕಲ್ಲಿನ ಗಾಳಿಯೂ ಫೈನ್, ನಡುಮನೆಯ ಮಗ್ಗವೂ ಫೈನ್. ತಾನೇ ನೇಯ್ದ ಸೀರೆಯುಟ್ಟು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ನೀಲವ್ವ, ಆ ಮಾತು ತನ್ನ ಮೇಲೂ ಒಮ್ಮೆ ಬೀಳಲಿ ಎಂದು ಕಾಯುತ್ತಿದ್ದಳು.

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸೀರಿ ಫೈನ್ ಐತ್ರಿ," ಅಂದ.

ಅವನ ತಾಯಿ ನಕ್ಕಳು. "ನಮಗ ಮೊನ್ನಿ ಕಮತಗಿ ಊರಾಗ ನೋಡಿದ ಹುಡುಗಿನ ಪಸಂದ ಆಗ್ಯಾಳ್ರಿ. ಆಕಿ ಮದುವಿಗೆ ಇಂಥಾದ ಒಂದು ಸೀರಿ ನೇದ ಕೊಡ್ರಿ."

ಅಪ್ಪ ಈಗ ಇವರನ್ನು ಬೈದು ಹೊರಗಟ್ಟುತ್ತಾನೆ ಅಂದುಕೊಂಡಳು ನೀಲವ್ವ. ಗುರುಸಂಗಪ್ಪ ಎದ್ದೇನೋ ಎದ್ದ. ಮಗಳ ಹತ್ತಿರ ಬಂದು, ಅವಳ ಹೆಗಲ ಮೇಲಿನ ಸೆರಗನ್ನೇ ಎತ್ತಿ ಬೆಳಕಿಗೆ ಹಿಡಿದು ಕೇಳಿದ:

"ಸೆರಗು ಹಿಂಗ ಇರ್ಲೇನ್ರಿ?"